ಎರಡನೆಯ ಸಾಕ್ಷಿ

ಶ್ರೀರಂಗಪಟ್ಟಣ
೧೧ ನವೆಂಬರ್ ೨೦೨೪

ಚಿ. ಪವಿತ್ರಳಿಗೆ ಆಶೀರ್ವಾದಗಳು.

ಸುಶಮೀಂದ್ರ ಎಂಬ ಹೆಸರಿನ, ಐವತ್ತೊಂಬತ್ತು ವರ್ಷದ, ಕಾನೂನು ಮೇಷ್ಟ್ರು ಕಸುಬಿನ ನಾನು ಯಾರ ಒತ್ತಡವೂ ಇಲ್ಲದೆ, ಸ್ವಸ್ಥ ಬುದ್ಧಿಯಿಂದ (ಇದಕ್ಕೆ ನನ್ನ ಹೆಂಡತಿ ಇಂದಿರಳ ತಕರಾರಿದೆ) ತಪ್ಪೊಪ್ಪಿಕೊಳ್ಳುವುದೇನೆಂದರೆ: ಕಳೆದ ವಾರ ದೆಹಲಿಯಲ್ಲಿ ನಡೆದ ಮಾನವ ಕಳ್ಳಸಾಗಣೆ ತಡೆ ಸಮಾವೇಶದಲ್ಲಿ ತಲೆಗೊಂದರಂತೆ ಕೊಟ್ಟ ಬಟ್ಟೆಚೀಲವನ್ನು ನಾನು ಎರಡು ಎತ್ತಿಕೊಂಡು ಬಂದಿದ್ದೇನೆ. ಕಳ್ಳಸಾಗಣೆ ತಡೆಯಲು ಹೋದವನು ಕಳ್ಳಸಾಗಣೆ ಮಾಡಿಕೊಂಡು ಬಂದ. ಆರೋಪಿಗೆ ಇದು ಮೊದಲನೆಯ ಅಪರಾಧ, ಮನೆಯಲ್ಲಿ ತರಕಾರಿಗೆ ಚೀಲದ ಅಭಾವವಿತ್ತು, ಆದ್ದರಿಂದ ಕರುಣೆ ತೋರಬೇಕು. ಕದ್ದ ಮಾಲನ್ನು ಇದರೊಡನೆ ನಿನಗೆ ಕಳಿಸಿದ್ದೇನೆ. ಅಂಚೆಯವನ ಕೈಯಿಂದ ತೆಗೆದುಕೊಂಡ ಕ್ಷಣದಿಂದ ನೀನೂ ಪಾಲುದಾರಳು.

ಚೀಲದೊಳಗೆ ಒಂದು ಪುಸ್ತಿಕೆ ಇದೆ. ಅದು ಕದ್ದದ್ದಲ್ಲ, ನಾನೇ ಬರೆದದ್ದು. 'ಸಾಗಣೆಗೊಳಗಾದವರನ್ನು ಗುರುತಿಸುವ ಹದಿನಾಲ್ಕು ಲಕ್ಷಣಗಳು.' ಮೂವತ್ತು ವರ್ಷ ಇದೇ ವಿಷಯ ಪಾಠ ಮಾಡಿ, ಪ್ರಬಂಧ ಮಂಡಿಸಿ, ಯಾರ ಬಂಧನವನ್ನೂ ಬಿಡಿಸದವನು ಎಂದು ನೀನು ಹಿಂದಿನ ಬೆಂಚಿನಲ್ಲಿ ಕೂತು ಆಡಿಕೊಳ್ಳುತ್ತಿದ್ದೆಯಲ್ಲ, ಈಗ ನೋಡು. ನಾಲ್ಕು ಜಿಲ್ಲೆಯ ಪೊಲೀಸರಿಗೆ ತರಬೇತಿಯಲ್ಲಿ ಇದನ್ನೇ ಕೊಡುತ್ತಿದ್ದಾರೆ. ದೆಹಲಿಯ ವೇದಿಕೆಯಲ್ಲಿ ನಿಂತು ಹೇಳಿದೆ: ಮೋಸಹೋಗಿ ಬಂದ ಹೆಣ್ಣುಮಗಳೊಬ್ಬಳು ಜಾತ್ರೆಯಷ್ಟು ಜನರ ನಡುವೆ ನಿಂತಿದ್ದರೂ ನಾನು ಅರೆನಿಮಿಷದಲ್ಲಿ ತೋರಿಸಬಲ್ಲೆ, ಎಂದು. ಚಪ್ಪಾಳೆ ಬಿತ್ತು. ಊಟದ ಹೊತ್ತಾಗಿದ್ದರಿಂದಲೂ ಇರಬಹುದು.

ಕೋರ್ಟು ಹೇಗಿದೆ? ಕಕ್ಷಿದಾರರು ಫೀಸು ಕೊಡುತ್ತಾರೋ, ಕೋಳಿ ಕೊಡುತ್ತಾರೋ?

ಇತಿ,
ನಿನ್ನ ಮೇಷ್ಟ್ರು (ಜಾಮೀನಿನ ಮೇಲೆ)
ಸುಶಮೀಂದ್ರ


ಕೆ.ಆರ್. ಪೇಟೆ
೩ ಡಿಸೆಂಬರ್ ೨೦೨೪

ಪೂಜ್ಯ ಮೇಷ್ಟ್ರಿಗೆ ಪವಿತ್ರಳ ನಮಸ್ಕಾರಗಳು.

ಮಾಲು ತಲುಪಿತು. ಸಿಂಧಘಟ್ಟದಿಂದ ಬಂದಿದ್ದ ನಮ್ಮಜ್ಜಿ ಚಿಕ್ಕಬೋರಮ್ಮ ಅದನ್ನು ವಶಪಡಿಸಿಕೊಂಡರು. "ಇದ್ರ್ ಮ್ಯಾಲೆ ಏನ್ ಬರ್ದದೆ ಮಗಾ?" ಎಂದರು. "ಮನುಷ್ಯರನ್ನ ಮಾರಬಾರದು ಅಂತ ಅಜ್ಜಿ" ಎಂದೆ. "ಅಯ್ಯೋ, ಅದ್ನೂ ಬರ್ದು ಯೋಳ್ಬೇಕಾ? ಅಂಗಾರೆ ಮಾರ್ತಾವ್ರೆ ಅಂತಾಯ್ತು ಬುಡು" ಎಂದು ಅವರೆಕಾಯಿ ತುಂಬಿಕೊಂಡು ಬಸ್ಸು ಹತ್ತಿದರು. ನಿಮ್ಮ ಸಮಾವೇಶದ ಮೂರು ದಿನವನ್ನು ಅಜ್ಜಿ ಹೊಸ್ತಿಲಲ್ಲೇ ಮುಗಿಸಿದರು.

ಈಗ ನಿಜವಾದ ವಿಷಯ. ಫೋನು ಮಾಡದೆ ಬರೆಯುತ್ತಿದ್ದೇನೆ, ಯಾಕೆಂದರೆ ಫೋನಿನಲ್ಲಿ ನೀವು ಎರಡು ಜೋಕು ಹೊಡೆಯುತ್ತೀರಿ, ನಾನು ನಗುತ್ತೇನೆ, ಹೇಳಬೇಕಾದ್ದು ಉಳಿದುಹೋಗುತ್ತದೆ. ನೀವೂ ಬರೆದೇ ಉತ್ತರಿಸಿ.

ಅಕ್ಟೋಬರಿನಲ್ಲಿ ಪಾಂಡವಪುರ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಹುಡುಗಿ ಸಿಕ್ಕಿದಳು. ಹುಲಿಗೆಮ್ಮ ಅಂತ, ರಾಯಚೂರಿನ ಕಡೆಯವಳು. ಕಬ್ಬಿನ ಲೋಡಿನ ಟ್ರಾಕ್ಟರು ಹತ್ತಿ ಕಾರ್ಖಾನೆಯವರೆಗೆ ಬಂದು, ಅಲ್ಲಿಂದ ಹಳಿ ಹುಡುಕಿಕೊಂಡು ನಡೆದಿದ್ದಾಳೆ. ಟೀ ಅಂಗಡಿ ಕರಿಯಯ್ಯ "ಎಲ್ಲಿಗವ್ವಾ ಟಿಕೀಟು?" ಎಂದು ಕೇಳಿದ್ದಕ್ಕೆ, "ರೈಲು ಎಲ್ಲಿಗ್ ಹೊಕ್ಕತಿ ಅಲ್ಲಿಗೆ" ಎಂದಳಂತೆ. ಅವನೇ ಪೊಲೀಸರಿಗೆ ಹೇಳಿದ್ದು.

ತಂದೆತಾಯಿ ಇಲ್ಲ. ಸೋದರಮಾವ ಕುಳ್ಳಯ್ಯ ಎಂಬ ದಳ್ಳಾಳಿಯ ಕೈಯಿಂದ ದುಡ್ಡು ತೆಗೆದುಕೊಂಡು, ಗಾರ್ಮೆಂಟ್ಸಿನಲ್ಲಿ ಕೆಲಸ ಅಂತ ಕಳಿಸಿದ್ದಾನೆ. ಬಸ್ಸಿನಿಂದ ಇಳಿಸಿದ ದಿನವೇ ನಾಗಮಂಗಲ ತಾಲೂಕಿನ ಕುಮಾರ್ ಎಂಬ ನಲವತ್ತೆರಡು ವರ್ಷದವನಿಗೆ ತಾಳಿ ಕಟ್ಟಿಸಿದ್ದಾರೆ. ಎಂಟು ತಿಂಗಳು ಆ ಮನೆಯಲ್ಲಿದ್ದಳು. ನಾನು ಪೊಲೀಸರ ಜೊತೆ ಹೋಗಿದ್ದೆ. ಕುಮಾರನ ತಾಯಿ ಯಶೋದಮ್ಮ ನನಗೆ ಮಜ್ಜಿಗೆ ಕೊಟ್ಟು ಹೇಳಿದ ಮಾತು: "ನಾವ್ ಚೆನ್ನಾಗೇ ಮಡೀಕಂಡಿದ್ದೋ ಲಾಯರಮ್ಮ. ನಮ್ಮುಡ್ಗನ್ಗೆ ಈ ಸೀಮೇಲಿ ಯಾರೂ ಎಣ್ ಕೊಡ್ನಿಲ್ಲ, ಅದ್ಕೆ ದೂರ್‌ದಿಂದ ತಂದೋ. ಮೂರೊತ್ತೂ ಮುದ್ದೆ ಇಕ್ಕಿದ್ದೋ. ಬೀಗ ಆಕ್ತಿದ್ದುದ್ದು ನಾಯಿ ನುಗ್ತವೆ ಅಂತ ಕಣವ್ವ." ಬೀಗ ಹೊರಗಿನಿಂದ ಇತ್ತು ಮೇಷ್ಟ್ರೇ. ಮಜ್ಜಿಗೆ ಕುಡಿಯಲಾಗಲಿಲ್ಲ.

ಮದುವೆ ಶ್ರೀರಂಗಪಟ್ಟಣದಲ್ಲಿ ಆಗಿದ್ದರಿಂದ ಕೇಸು ನಿಮ್ಮೂರ ಕೋರ್ಟಿನಲ್ಲೇ ಇದೆ. ಹುಡುಗಿಯ ಪರವಾಗಿ ಸರ್ಕಾರಿ ವಕೀಲರ ಜೊತೆ ನಾನಿದ್ದೇನೆ. ಅವಳಾಗಿ ಒಪ್ಪಿ ಮದುವೆಯಾದಳು ಎಂದು ಕೋರ್ಟು ನಂಬಿದರೆ ಕೇಸು ಬಿದ್ದುಹೋಗುತ್ತದೆ. ಆಮೇಲೆ ಮಾವ ಬಂದು, ಈಗ ಅವಳಿರುವ ಸರ್ಕಾರಿ ಬಾಲಮಂದಿರದಿಂದ ಬಿಡಿಸಿಕೊಳ್ಳುತ್ತಾನೆ, ವಾರದೊಳಗೆ ನಾಗಮಂಗಲದ ಆ ಮನೆಗೇ ಮುಟ್ಟಿಸುತ್ತಾನೆ. ಅವಳು ನನ್ನ ಕೋಟಿನ ತುದಿ ಹಿಡಿದು ಹೇಳುವುದು ಒಂದೇ: "ಅಲ್ಲಿಗಿ ಕಳಸಬ್ಯಾಡ್ರೀ ಅಕ್ಕಾರ."

ತಜ್ಞ ಸಾಕ್ಷಿಯಾಗಿ ನೀವು ಬರಬೇಕು. ಬರುತ್ತೀರಾ?

ನಿಮ್ಮ ವಿದ್ಯಾರ್ಥಿನಿ,
ಪವಿತ್ರ


ಶ್ರೀರಂಗಪಟ್ಟಣ
೧೫ ಡಿಸೆಂಬರ್ ೨೦೨೪

ಚಿ. ಪವಿತ್ರಳಿಗೆ,

ಬರುತ್ತೇನೆಯೇ ಎಂದು ಕೇಳುತ್ತೀಯಲ್ಲ! ಮೂವತ್ತು ವರ್ಷದಿಂದ ಮದುವಣಗಿತ್ತಿಯ ಹಾಗೆ ಅಲಂಕರಿಸಿಕೊಂಡು ಕೂತಿದ್ದೇನೆ, ಒಂದು ಕೋರ್ಟೂ ನೋಡಲು ಬರಲಿಲ್ಲ. ತಜ್ಞ ಎಂದರೆ ತಾನು ಅಜ್ಞ ಎಂಬುದು ತನಗೆ ತಿಳಿಯದವನು ಎಂದು ಇಂದಿರ ಪದಚ್ಛೇದ ಮಾಡುತ್ತಾಳೆ. ಅವಳ ಬಾಯಿ ಮುಚ್ಚಿಸಲಾದರೂ ಕಟಕಟೆ ಹತ್ತಬೇಕು.

ತಮಾಷೆ ಬಿಡು. ಇದು ನಾನು ಮೂರು ಪ್ರಬಂಧಗಳಲ್ಲಿ ಬರೆದಿರುವ ಮಾದರಿಯೇ. ಹೆಣ್ಣು ಸಿಗದ ಸೀಮೆ, ಹೆಣ್ಣನ್ನು ಸಾಕಲಾಗದ ಸೀಮೆ, ನಡುವೆ ಒಬ್ಬ ದಳ್ಳಾಳಿ. ನಮ್ಮಲ್ಲಿ ಹೊಟ್ಟೆಯಲ್ಲೇ ಹೆಣ್ಣು ಬೇಡವೆಂದ ಅಪ್ಪಂದಿರು ಈಗ ಮಗನಿಗೆ ಹೆಣ್ಣು ಬೇಕೆಂದು ಬಸ್ಸು ಹತ್ತುತ್ತಿದ್ದಾರೆ. ತಾಳಿ ಕಟ್ಟಿದ ಮಾತ್ರಕ್ಕೆ ಸಾಗಣೆ ಸಂಸಾರವಾಗುವುದಿಲ್ಲ ಎಂದು ನ್ಯಾಯಾಧೀಶರಿಗೆ ನಾನು ಹೇಳುತ್ತೇನೆ. ಎದುರು ಪಕ್ಷದ ವಕೀಲ ಎದ್ದು ನಿಂತರೆ ಅವನನ್ನು ಕೂರಿಸುವ ಜವಾಬ್ದಾರಿಯೂ ನನ್ನದೇ. ಬಹುಶಃ ಅವನೂ ನನ್ನ ವಿದ್ಯಾರ್ಥಿಯೇ ಇರಬೇಕು.

ಹುಡುಗಿಯನ್ನು ನಾನೊಮ್ಮೆ ನೋಡಬೇಕು. ಅರ್ಧ ಗಂಟೆ ಸಾಕು. ಕೇಸಿನ ಕಾಗದಗಳನ್ನೂ ಕಳಿಸು.

ಇತಿ,
ಕಟಕಟೆಯ ಮದುವಣಗಿತ್ತಿ
ಸುಶಮೀಂದ್ರ


ಕೆ.ಆರ್. ಪೇಟೆ
೨೦ ಜನವರಿ ೨೦೨೫

ಪೂಜ್ಯ ಮೇಷ್ಟ್ರಿಗೆ,

ಕೆಟ್ಟ ಸುದ್ದಿ ಮೊದಲು. ಮೂಳೆ ಪರೀಕ್ಷೆಯ ವರದಿ ಬಂದಿದೆ: ಮದುವೆಯ ದಿನಕ್ಕೆ ಲೆಕ್ಕ ಹಾಕಿದರೆ ಹದಿನೇಳರಿಂದ ಹತ್ತೊಂಬತ್ತು. ಅವಳ ಲೆಕ್ಕದಲ್ಲಿ ಅವತ್ತು ಹದಿನಾರು, ಎದುರು ಪಕ್ಷದವರು ತೋರಿಸುವ ಆಧಾರ್ ಕಾರ್ಡಿನಲ್ಲಿ ಹತ್ತೊಂಬತ್ತು. ಆಧಾರ್ ತಿದ್ದಿಸಿದ್ದು ಎಂದು ಗೊತ್ತು, ತೋರಿಸಲು ಆಗುತ್ತಿಲ್ಲ, ಶಾಲೆಯಲ್ಲಿ ದಾಖಲೆ ಇಲ್ಲವಂತೆ. ಅದೇ ಮಾವ ಬಾಲಮಂದಿರದಲ್ಲಿ ಮಾತ್ರ, "ಸಣ್ಣ ಹುಡುಗಿ, ನನ್ನ ಸುಪರ್ದಿಗೆ ಕೊಡಿ" ಎಂದು ಅರ್ಜಿ ಹಾಕಿದ್ದಾನೆ. ಮದುವೆಗೆ ದೊಡ್ಡವಳು, ಮಾವನಿಗೆ ಚಿಕ್ಕವಳು.

ಅನುಮಾನದ ಲಾಭ ಆರೋಪಿಗಳಿಗೇ, ಹಾಗಾಗಿ ವಯಸ್ಸಿನ ದಾರಿ ಮುಚ್ಚಿತು. ಉಳಿದಿರುವುದು ಅವಳಿಗೆ ಏನೂ ತಿಳಿದಿರಲಿಲ್ಲ ಎಂದು ತೋರಿಸುವ ದಾರಿ. ಅವರ ಕೈಯಲ್ಲಿ ದೇವಸ್ಥಾನದ ಮದುವೆ ಪತ್ರ ಇದೆ. ಅದು ನಿಮ್ಮ ಅಣ್ಣ ರಾಘವಾಚಾರ್ಯರ ಗುಡಿ, ಹೊಳೆದಂಡೆಯ ಆಂಜನೇಯ. ಕಳೆದ ಫೆಬ್ರವರಿ ಹದಿನಾಲ್ಕು. ಹುಡುಗಿಯ ಹೆಸರು ಹುಲಿಗೆಮ್ಮ ಅಲ್ಲ, 'ಚೈತ್ರ' ಎಂದಿದೆ. ನೀವು ಪ್ರಬಂಧಗಳಲ್ಲಿ ಗುರುತು ಮರೆಸಲು ಹೆಣ್ಣುಮಕ್ಕಳ ಹೆಸರು ಬದಲಿಸುತ್ತೀರಲ್ಲ, ಕುಳ್ಳಯ್ಯನೂ ಅದನ್ನೇ ಮಾಡಿದ್ದಾನೆ. ಕೆಳಗೆ ಇಬ್ಬರು ಸಾಕ್ಷಿಗಳು. ಒಬ್ಬ ಕುಳ್ಳಯ್ಯ. ಎರಡನೆಯದು ಹೆಸರಿಲ್ಲದ ರುಜು. ನೆರಳಚ್ಚಿನಲ್ಲಿ ಮಸುಕಾಗಿದೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ಹುಲಿಗೆಮ್ಮ ಅವತ್ತು ಗುಡಿಯಲ್ಲಿ ಒಬ್ಬರ ಹತ್ತಿರ ಮಾತಾಡಿದ್ದಾಳೆ. ಒಬ್ಬರೇ. ಜಗುಲಿಯ ಮೇಲೆ ಕನ್ನಡಕ ಹಾಕಿಕೊಂಡು ಬರೆಯುತ್ತಾ ಕೂತಿದ್ದ ದೊಡ್ಡವರು. ಅವರನ್ನು, "ಇದು ಯಾವ ಊರ್ರೀ?" ಎಂದು ಕೇಳಿದಳಂತೆ. ತಾಳಿ ಕಟ್ಟಿಸಿಕೊಳ್ಳುವ ಹುಡುಗಿಗೆ ಊರೇ ಗೊತ್ತಿರಲಿಲ್ಲ ಎಂದು ಹೊರಗಿನವರೊಬ್ಬರು ಹೇಳಿದರೆ ಸಾಕು, ಅವರ ಒಪ್ಪಿಗೆಯ ಕತೆ ಅಲ್ಲಿಗೇ ಮುಗಿಯಿತು. ಅವರು ಏನೆಂದರು ಎಂದು ಕೇಳಿದರೆ ತಲೆ ತಗ್ಗಿಸುತ್ತಾಳೆ, ಹೇಳುವುದಿಲ್ಲ.

ಅಣ್ಣನವರನ್ನು ಕೇಳಿ ಆ ಮನುಷ್ಯರನ್ನು ಹುಡುಕಿಕೊಡಿ ಮೇಷ್ಟ್ರೇ. ಮೂಲ ರಿಜಿಸ್ಟರೂ ಬೇಕು. ಹುಡುಗಿಯನ್ನು ನೋಡಲು ನಿಮಗೆ ಅನುಮತಿ ಸಿಕ್ಕಿದೆ, ಯಾವ ಗುರುವಾರವಾದರೂ ಬನ್ನಿ.

ಪವಿತ್ರ


ಶ್ರೀರಂಗಪಟ್ಟಣ
೨೮ ಫೆಬ್ರವರಿ ೨೦೨೫

ಚಿ. ಪವಿತ್ರ,

ಉತ್ತರ ತಡವಾಯಿತು. ಪರೀಕ್ಷೆ, ಮೌಲ್ಯಮಾಪನ, ಅಣ್ಣನ ಮಂಡಿನೋವು.

ರಿಜಿಸ್ಟರಿನ ವಿಚಾರ: ಹಳೆಯ ಗುಡಿ, ಹಳೆಯ ಬೀರು. ಗೆದ್ದಲು ಗೆದ್ದಿದೆ, ನಾವು ಸೋತಿದ್ದೇವೆ. ಜಗುಲಿಯ ಮೇಲೆ ದಿನಕ್ಕೆ ನೂರು ಜನ ಕೂರುತ್ತಾರೆ. ಕನ್ನಡಕ ಎಂದರೆ ಈ ಊರಿನಲ್ಲಿ ನಲವತ್ತು ದಾಟಿದವರೆಲ್ಲ ಆರೋಪಿಗಳೇ.

ನನ್ನ ಸಲಹೆಯೆಂದರೆ ಆ ಒಬ್ಬ ಸಾಕ್ಷಿಯನ್ನು ನೆಚ್ಚಿಕೊಳ್ಳಬೇಡ. ಅಂತರರಾಷ್ಟ್ರೀಯ ಒಪ್ಪಂದಗಳ ಪ್ರಕಾರ, ದುರ್ಬಲ ಸ್ಥಿತಿಯ ದುರ್ಬಳಕೆ ಇದ್ದಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ. ಆ ತತ್ವದ ಮೇಲೆ ವಾದ ಕಟ್ಟು. ಹನ್ನೆರಡು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ.

ಈ ಗುರುವಾರ ಬರಲಾಗುವುದಿಲ್ಲ. ಮುಂದಿನದೂ ಕಷ್ಟ.

ಸುಶಮೀಂದ್ರ


ಕೆ.ಆರ್. ಪೇಟೆ
೨ ಏಪ್ರಿಲ್ ೨೦೨೫

ಮೇಷ್ಟ್ರಿಗೆ,

ಟಿಪ್ಪಣಿ ಓದಿದೆ. ಚೆನ್ನಾಗಿದೆ. ಹನ್ನೆರಡು ಪುಟದಲ್ಲಿ ಹುಲಿಗೆಮ್ಮನ ಹೆಸರು ಒಮ್ಮೆಯೂ ಬಂದಿಲ್ಲ.

ಕಳೆದ ಶನಿವಾರ ನಾನೇ ಗುಡಿಗೆ ಹೋಗಿದ್ದೆ. ಅಣ್ಣನವರು ಮಂಗಳಾರತಿ ಮುಗಿಸಿ ಕೂತಿದ್ದರು. "ಮದುವೆ ರಿಜಿಸ್ಟರಿಗೆ ಗೆದ್ದಲು ಹಿಡಿದಿದೆಯಂತಲ್ಲ ಸ್ವಾಮಿ" ಎಂದೆ. ಅವರಿಗೆ ರೇಗಿತು. "ಯಾರಮ್ಮ ಹೇಳಿದ್ದು? ಕಬ್ಬಿಣದ ಬೀರು ಅದು. ಕಬ್ಬಿಣ ತಿನ್ನೋ ಗೆದ್ದಲು ಎಲ್ಲಾದ್ರೂ ಇದೆಯಾ?" ಎಂದು ತೆಗೆದು ಮುಂದಿಟ್ಟರು. ಪುಟಗಳು ಹಪ್ಪಳದ ಹಾಗೆ ಗರಿಗರಿಯಾಗಿವೆ.

"ಈ ಎರಡನೇ ಸಾಕ್ಷಿ ಯಾರು?" ಎಂದೆ. "ಅದೇನು ಅಂಥಾ ದೊಡ್ಡ ವಿಷಯ? ಎಷ್ಟೋ ಜನ ಒಬ್ಬನೇ ಸಾಕ್ಷೀನ ಕರ್ಕೊಂಡು ಬರ್ತಾರೆ. ಮುಹೂರ್ತ ಮೀರತ್ತೆ ಅಂತ ನಮ್ಮನೇಲಿ ಇದ್ದೋರು ಯಾರೋ ಒಂದು ರುಜು ಹಾಕ್ತೀವಿ. ನಮ್ಮಪ್ಪನ ಕಾಲದಿಂದ್ಲೂ ನಡ್ಕೊಂಡು ಬಂದಿದೆ. ಒಂದು ಹೆಣ್ಣಿಗೆ ನೆಲೆಯಾಗತ್ತೆ, ಪುಣ್ಯದ ಕೆಲಸ ತಾನೇ?" ಎಂದು ತೀರ್ಥ ಕೊಟ್ಟರು.

ಮೂಲದಲ್ಲಿ ಆ ರುಜು ಮಸುಕಾಗಿಲ್ಲ. ಮೂರು ವರ್ಷ ನನ್ನ ಉತ್ತರಪತ್ರಿಕೆಗಳ ಮೇಲೆ ಅಂಕದ ಕೆಳಗೆ ಇದ್ದ ರುಜು ಅದು.

ಅದು ಯಾರದೆಂದು ನಾನು ನಿಮ್ಮನ್ನು ಕೇಳುತ್ತಿಲ್ಲ. ಸಮನ್ಸ್ ಕಳಿಸಿ ಎಳೆದು ತರಲೂ ಬಹುದು. ಆದರೆ ಎಳೆದು ತಂದ ಸಾಕ್ಷಿ 'ನೆನಪಿಲ್ಲ' ಎಂದುಬಿಟ್ಟರೆ ಅವಳ ಕತೆ ಅಲ್ಲೇ ಮುಗಿಯುತ್ತದೆ ಎಂದು ನೀವೇ ಪಾಠ ಮಾಡಿದ್ದೀರಿ. ಕುಳ್ಳಯ್ಯ, ಕುಮಾರ್ ಇಬ್ಬರೂ ಕೇಸಿನಿಂದ ಬಿಡುಗಡೆ ಕೋರಿದ್ದಾರೆ. ಜೂನ್ ಹತ್ತೊಂಬತ್ತಕ್ಕೆ ವಾದ.

ಪವಿತ್ರ


ಕೆ.ಆರ್. ಪೇಟೆ
೨೨ ಮೇ ೨೦೨೫

ಮೇಷ್ಟ್ರಿಗೆ,

ನಿನ್ನೆ ಮಾವ ಬಾಲಮಂದಿರಕ್ಕೆ ಬಂದಿದ್ದ. ಅವಳಿಗೆ ಹೊಸ ಸೀರೆ, ಬಳೆ ತಂದಿದ್ದನಂತೆ. ಅವನು ಹೋದ ಮೇಲೆ ಹುಲಿಗೆಮ್ಮ ಬಚ್ಚಲಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಬಾಗಿಲು ಒಡೆದು ತೆಗೆದರು. ಸೀರೆಯನ್ನು ಕಿಟಕಿಗೆ ಕಟ್ಟಿದ್ದಳು. ಬದುಕಿದ್ದಾಳೆ.

ಜೂನ್ ಹತ್ತೊಂಬತ್ತು, ಗುರುವಾರ.

ಪವಿತ್ರ


ಶ್ರೀರಂಗಪಟ್ಟಣ
೮ ಜೂನ್ ೨೦೨೫, ಭಾನುವಾರ

ಪವಿತ್ರ,

ಆ ರುಜು ನನ್ನದು. ಜಗುಲಿಯ ಮೇಲಿದ್ದವನೂ ನಾನೇ. ನಿನ್ನ ಜನವರಿ ಪತ್ರ ಓದಿದ ಕ್ಷಣವೇ ನನಗೆ ತಿಳಿಯಿತು. ಗೆದ್ದಲು ಇರಲಿಲ್ಲ. ಅಣ್ಣನ ಮಂಡಿಯೂ ಚೆನ್ನಾಗಿಯೇ ಇದೆ.

ಮಾರ್ಚಿನಲ್ಲಿ ಒಂದು ಗುರುವಾರ ಬಾಲಮಂದಿರದ ಗೇಟಿನವರೆಗೆ ಬಂದಿದ್ದೆ. ಒಳಗೆ ಹುಡುಗಿಯರು ಹಗ್ಗದಾಟ ಆಡುವ ಸದ್ದು ಕೇಳಿಸಿತು. ಕಾವಲಿನವನು "ಯಾರು ಬೇಕಿತ್ತು ಸಾರ್?" ಎಂದ. ವಿಳಾಸ ತಪ್ಪಿ ಬಂದೆ ಎಂದು ಹೇಳಿ, ಅದೇ ಆಟೋದಲ್ಲಿ ವಾಪಸಾದೆ.

ನಾಲ್ಕು ತಿಂಗಳು ಏನು ಮಾಡಿದೆ ಎಂದು ನೀನು ಕೇಳಿಲ್ಲ, ಆದರೂ ಹೇಳಬೇಕು. ನಿವೃತ್ತಿಗೆ ಒಂಬತ್ತು ತಿಂಗಳಿದೆ. ರಾಷ್ಟ್ರಮಟ್ಟದ ಒಂದು ಸಮಿತಿಗೆ ನನ್ನ ಹೆಸರು ಹೋಗಿದೆ. ಕಳ್ಳಸಾಗಣೆಯ ಪ್ರೊಫೆಸರು ಕಳ್ಳಸಾಗಣೆಗೆ ಸಾಕ್ಷಿ ಹಾಕಿದ ಎಂದು ಪತ್ರಿಕೆಯಲ್ಲಿ ಬಂದರೆ ಶೀರ್ಷಿಕೆ ಹೇಗಿರುತ್ತದೆ ಎಂದು ಯೋಚಿಸುತ್ತಿದ್ದೆ. ನಾಚಿಕೆಗೇಡಿನ ವಿಷಯವೆಂದರೆ, ಒಳ್ಳೆಯ ಶೀರ್ಷಿಕೆಗಳೇ ಹೊಳೆಯುತ್ತಿದ್ದವು. ನಿನ್ನ ಮೇ ತಿಂಗಳ ಕಾಗದ ಬಂದ ಮೇಲೆ ಹೊಳೆಯುವುದು ನಿಂತಿತು. ಅದನ್ನು ಇಂದಿರಳ ಕೈಗೆ ಕೊಟ್ಟೆ. ಅವಳು ಓದಿ, ಮಡಿಸಿ, ನನ್ನ ಊಟದ ತಟ್ಟೆಯ ಪಕ್ಕದಲ್ಲಿಟ್ಟು ಎದ್ದುಹೋದಳು.

ಮೊನ್ನೆ ಅಣ್ಣನಿಗೆ ಹೇಳಿದೆ. "ಲೋ, ನೀನು ಕೋರ್ಟಿನಲ್ಲಿ ಹಾಗಂದ್ರೆ ನನ್ನ ಪೂಜೆ ಹೋಗತ್ತೆ ಕಣೋ. ನಾಲ್ಕು ತಲೆಮಾರಿನ ಪೂಜೆ" ಎಂದ. ಹೋಗಲಿ ಅಣ್ಣ, ಎಂದೆ. "ಯಾರೋ ಊರುಕೇರಿ ಗೊತ್ತಿಲ್ಲದ ಹುಡುಗಿಗೋಸ್ಕರವಾ?" ಎಂದ. ಹೌದು, ಅವಳಿಗೆ ಊರು ಗೊತ್ತಿರಲಿಲ್ಲ, ವಿಷಯವೇ ಅದು, ಎಂದೆ. ಅಂದಿನಿಂದ ಮಾತು ಬಿಟ್ಟಿದ್ದಾನೆ.

ರಿಜಿಸ್ಟರನ್ನು ಅವನ ಎದುರಿಗೇ ತೆರೆದು ನೋಡಿದೆ. ಆರು ವರ್ಷಗಳಲ್ಲಿ ನಲವತ್ತೊಂದು ಮದುವೆಗಳಿಗೆ ನಾನು ಎರಡನೆಯ ಸಾಕ್ಷಿ. ರಜೆಯಲ್ಲಿ ಗುಡಿಗೆ ಹೋದಾಗ, ಭಾನುವಾರ, ಪುಸ್ತಕ ಓದುತ್ತಾ, ಕಾಫಿ ಕುಡಿಯುತ್ತಾ. ಹುಲಿಗೆಮ್ಮನನ್ನು ಬಿಟ್ಟರೆ ಒಬ್ಬಳ ಮುಖವೂ ನೆನಪಿಲ್ಲ. ಹದಿನೆಂಟು ಜಾಗದಲ್ಲಿ ಮೊದಲ ಸಾಕ್ಷಿ ಕುಳ್ಳಯ್ಯ. ಅವನು ಬೇಕೆಂದೇ ಒಬ್ಬನೇ ಬರುತ್ತಿದ್ದ ಎಂದು ಈಗ ಅನ್ನಿಸುತ್ತದೆ. ಕಾನೂನು ಮೇಷ್ಟ್ರ ರುಜು ಪುಕ್ಕಟೆ ಸಿಗುವಾಗ ಇನ್ನೊಬ್ಬನಿಗೆ ಬಸ್ ಚಾರ್ಜು ಯಾಕೆ ಕೊಡಬೇಕು? ಆ ಹದಿನೆಂಟು ಹೆಸರು, ತಾರೀಖು ಬರೆದು ಇದರೊಡನೆ ಇಟ್ಟಿದ್ದೇನೆ. ಹೆಸರುಗಳು ಸುಳ್ಳಿರಬಹುದು. ಗಂಡಸರ ಊರುಗಳು ನಿಜವಿರಬೇಕು. ಅವರಿಗೆ ಮುಚ್ಚಿಡುವ ಕಾರಣವೇ ಇರಲಿಲ್ಲ. ಅಲ್ಲಿಂದ ಹುಡುಕು.

ತಜ್ಞರ ಪಟ್ಟಿಯಿಂದ ನನ್ನ ಹೆಸರು ತೆಗೆಸು. ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ಹೇಳಿಕೆ ಕೊಡುತ್ತೇನೆ, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆಯೂ. ಹತ್ತೊಂಬತ್ತಕ್ಕೆ ಮೊದಲು ಅದು ಕೇಸಿನ ಕಡತ ಸೇರಬೇಕು. ಅಡ್ಡಸವಾಲಿನಲ್ಲಿ ಅವರು ಹೇಗೆ ಬೇಕಾದರೂ ಕೇಳಲಿ, ನೆನಪಿಲ್ಲ ಎನ್ನುವುದಿಲ್ಲ. ಆ ದಿನದ್ದು ಎಲ್ಲವೂ ನೆನಪಿದೆ.

ಅವಳು ನಿನಗೆ ಹೇಳದೆ ತಲೆ ತಗ್ಗಿಸುವ ಮಾತನ್ನು ನಾನು ಹೇಳಬೇಕು, ಹೇಳಿಕೆಯಲ್ಲಿ ಅದೂ ಇರಬೇಕಲ್ಲ.

ಅವತ್ತು ಹತ್ತು ಗಂಟೆ ಇರಬೇಕು. ನಾನು ಕೂತಿದ್ದದ್ದು ಆ ಪುಸ್ತಿಕೆಯ ಕರಡು ತಿದ್ದುತ್ತಾ. ತೊಡೆಯ ಮೇಲಿದ್ದ ಹಾಳೆಯಲ್ಲಿ ಮೂರನೆಯ ಲಕ್ಷಣ, 'ತಾನು ಯಾವ ಸ್ಥಳದಲ್ಲಿದ್ದೇನೆಂಬ ಅರಿವು ಇಲ್ಲದಿರುವುದು'. ಅದರಲ್ಲಿ ಒಂದು ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ನೋಡುತ್ತಿದ್ದೆ. ಬೆಳಕಿಗೆ ಅಡ್ಡವಾಗಿ ಯಾರೋ ನಿಂತರು. "ಸ್ವಲ್ಪ ಸರಿಯಮ್ಮ" ಎಂದೆ. ಸರಿದಳು. ಕುಳ್ಳಯ್ಯ ಒಳಗೆ ಹಾರ ಕಟ್ಟಿಸುತ್ತಿದ್ದ. ಅವಳು ಬಗ್ಗಿ, ಮೆಲ್ಲಗೆ, "ಇದು ಯಾವ ಊರ್ರೀ?" ಎಂದಳು.

ನಾನು ತಲೆಯೆತ್ತಿ ನೋಡಿದೆ. ಅರಿಶಿನದ ಸೀರೆ, ದೊಡ್ಡ ರವಿಕೆ, ಪಿನ್ನು ಹಾಕಿ ಬಿಗಿ ಮಾಡಿದ್ದರು. ಅರೆನಿಮಿಷವೇನು, ಒಂದು ನಿಮಿಷವೇ ನೋಡಿದೆ. ಬಾಯಿಗೆ ಬಂದ ಚಂದದ ಮಾತನ್ನು ನುಂಗಿಕೊಳ್ಳುವ ಅಭ್ಯಾಸ ನನಗಿಲ್ಲ. ಎಲ್ಲರಿಗೂ ಕೇಳುವ ಹಾಗೆ, "ಸದ್ಯ, ಊರು ಯಾವುದು ಅಂತ ಕೇಳಿದೆ. ಗಂಡು ಯಾರು ಅಂತ ಕೇಳಲಿಲ್ಲವಲ್ಲ!" ಎಂದೆ.

ಗಂಡಿನ ತಾಯಿ ಯಶೋದಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಕುಳ್ಳಯ್ಯ ನಕ್ಕ. ಅಣ್ಣ ಮಂತ್ರ ನಿಲ್ಲಿಸಿ ನಕ್ಕ.

ಹುಡುಗಿ, "ಅದೂ ಗೊತ್ತಿಲ್ರೀ" ಎಂದಳು.

ಜೋಕಿಗೆ ಜೋಕು ಕೊಟ್ಟಳು ಎಂದುಕೊಂಡೆ ಪವಿತ್ರ. "ಭಲೇ, ಬದುಕ್ಕೋತಾಳೆ ಈ ಹುಡುಗಿ" ಎಂದು ಎಲ್ಲರೆದುರು ಮೆಚ್ಚಿ, ಆ ಖುಷಿಯಲ್ಲೇ ರುಜು ಹಾಕಿದೆ.

ಸುಶಮೀಂದ್ರ